ಗುರುತು ದಾಟಿದ ಹ್ಯಾಂಡಲ್

ನನಗೆ ಇಡೀ ಹಿಂದೂಪುರದ ಧ್ವನಿ ಬರುತ್ತಿತ್ತು. ಹಮಾಲಿಗಳು ಮೂಟೆ ಬೆನ್ನಿಗೇರಿಸುವಾಗ ಬಿಡುವ ಉಸಿರು, ಸ್ಟೇಷನ್ ಮಾಸ್ತರು ಹಸಿರು ಬಾವುಟ ಸುತ್ತುತ್ತ ಕೆಮ್ಮುವ ಕೆಮ್ಮು, ನಮ್ಮತ್ತೆ ಹಾಲಿನವಳ ಚೊಂಬಿನೊಳಗೆ ಇಣುಕಿ ನೋಡಿ "ಊಂ" ಅನ್ನುವ ರಾಗ, ಎಲ್ಲವೂ ಒಂದು ಸಲ ಕೇಳಿದರೆ ಸಾಕು, ಸಂಜೆಯೊಳಗೆ ನನ್ನ ಗಂಟಲಿಗೆ ಬಂದು ಕೂರುತ್ತಿದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಒಂದೇ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಬರಿಗೈಯಲ್ಲಿ ಎದ್ದು ಬಂದವನು, ಪೇಪರಿನಲ್ಲಿ ತನ್ನ ನಂಬರು ಹುಡುಕುವುದು ಹೇಗೆ ಅಂತ ಆಡಿ ತೋರಿಸಿದರೆ ಮಂಡಿಯ ಜನ ಹುಣಸೆಹಣ್ಣಿನ ರಾಶಿಯ ಮೇಲೇ ಹೊರಳಾಡುತ್ತಿದ್ದರು. ಮೊದಲು ಮೇಲಿಂದ ಕೆಳಕ್ಕೆ, ಆಮೇಲೆ ಕೆಳಗಿಂದ ಮೇಲಕ್ಕೆ, ಕೊನೆಗೆ ಪೇಪರನ್ನೇ ಬೆಳಕಿಗೆ ಹಿಡಿದು.

ಯಾರನ್ನಾದರೂ ನಗಿಸಿಬಿಟ್ಟರೆ ಆ ದಿನ ಗೆದ್ದಂತೆ ಅಂದುಕೊಂಡಿದ್ದೆ. ನಕ್ಕವರು ಆಮೇಲೆ ನನ್ನ ಮಾತು ನಂಬುತ್ತಾರೋ ಇಲ್ಲವೋ ಅನ್ನುವ ಯೋಚನೆ ಬಂದದ್ದು ಕಲ್ಯಾಣದುರ್ಗದ ರಸ್ತೆಯಲ್ಲಿ.

ನಾನಿದ್ದದ್ದು ನನ್ನ ತಾಯಿಯ ತಮ್ಮನ ಮನೆಯಲ್ಲಿ. ಮಾವನದು ಹುಣಸೆಹಣ್ಣಿನ ಮಂಡಿ. ಭಾರೀ ಆಳು. ಬೆಳಗಿನಿಂದ ಸಂಜೆಯವರೆಗೆ ಬಿಳೀ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂತು, ಅವರ ಸೊಂಟ ಬಾಗುವುದನ್ನೇ ಮರೆತಿತ್ತು. ಚಪ್ಪಲಿ ಹುಡುಕಬೇಕಾದರೂ ಕಾಲಿನಿಂದಲೇ ತಡಕುತ್ತಿದ್ದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅರಿವೆಯಲ್ಲಿ ಸುತ್ತಿದ ಇಷ್ಟಲಿಂಗ. ನಮ್ಮ ಮನೆಗಳಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿರುತ್ತದೆ. ನನ್ನದು ಅರಿವೆಯ ಗಂಟಿನಲ್ಲಿ ಅಂಗಿಯೊಳಗಿತ್ತು. ಮಾವನದು ಮಾತ್ರ ಅವರ ತಾತನ ಕಾಲದ ಕರಡಿಗೆ, ಒಂದು ದೊಡ್ಡ ಮಾವಿನಕಾಯಿಯಷ್ಟು. ಅದು ಎದೆಯ ಮೇಲೆ ನಾಲ್ಕು ಜನಕ್ಕೆ ಕಾಣುವಂತೆ ಇರಬೇಕು, ಅಂಗಿಯೊಳಗೆ ಕದ್ದ ಸಾಮಾನಿನ ಹಾಗೆ ತುರುಕುವುದು ಸಲ್ಲದು ಅನ್ನುವುದು ಆ ಮನೆಯ ನಡಾವಳಿ.

ಯುದ್ಧ ಮುಗಿದಿತ್ತು. ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳು ತಮ್ಮ ಸೀಮೆಗೆ ಹೊರಡುವಾಗ ಬಿಟ್ಟುಹೋದ ಸಾಮಾನುಗಳನ್ನು ಮಾರುತ್ತಿದ್ದರು. ಮಾವ ಒಂದು ದಿನ ವ್ಯಾಪಾರಕ್ಕೆಂದು ರೈಲು ಹತ್ತಿ ಹೋದವರು ಬರುವಾಗ ಒಂದು ಸೈಕಲ್ ತಂದರು. ನಮ್ಮೂರಲ್ಲಿ ಎಲ್ಲರೂ ತುಳಿಯುತ್ತಿದ್ದಂಥದ್ದಲ್ಲ. ಸಣ್ಣ ಟೈರು, ಬಡಕಲು ಮೈ, ಹ್ಯಾಂಡಲು ಟಗರಿನ ಕೊಂಬಿನಂತೆ ಮುಂದಕ್ಕೆ ಹೋಗಿ ಕೆಳಕ್ಕೆ ಸುರುಳಿ ಬಿದ್ದಿತ್ತು. ಆ ಕೊಂಬಿನ ಮುಂದುಗಡೆ ಎರಡು ಬ್ರೇಕು, ಒಂದೊಂದರ ತಲೆಗೂ ರಬ್ಬರಿನ ಟೊಪ್ಪಿಗೆ. ಕೈಯನ್ನು ಆ ಟೊಪ್ಪಿಗೆಯ ಮೇಲಿಟ್ಟು, ಬೆರಳಿನಿಂದ ಬ್ರೇಕು ಹಿಡಿಯಬೇಕು. ಹಾಗೆ ಹಿಡಿಯಬೇಕಾದರೆ ಸವಾರ ಬಿಲ್ಲಿನಂತೆ ಬಗ್ಗಬೇಕು.

ಕಲ್ಯಾಣದುರ್ಗದ ಕಡೆ ಹಳ್ಳಿಗಳಲ್ಲಿ ಹುಣಸೆಯನ್ನು ಮರದ ಮೇಲಿರುವಾಗಲೇ ನೋಡಿ ಮಾತಾಡಿ ಬರುವ ವಾಡಿಕೆ. ಬಸ್ಸಿಳಿದು ಎತ್ತಿನ ಗಾಡಿಗೆ ಕಾಯುತ್ತ ಕೂತರೆ ಬೇರೆ ಮಂಡಿಯವರು ಮೊದಲೇ ಮರ ಹಿಡಿದುಬಿಡುತ್ತಿದ್ದರು. ಸೈಕಲ್ ಇದ್ದರೆ ತಾವೇ ಮೊದಲು ಅನ್ನುವುದು ಮಾವನ ಲೆಕ್ಕಾಚಾರ.

ಮೊದಲನೆಯ ದಿನವೇ ಮಂಡಿಯ ಮುಂದೆ ಒಂದು ಸುತ್ತು ಹೊಡೆದರು. ಬಗ್ಗಿದರು. ಕರಡಿಗೆ ಎದೆ ಬಿಟ್ಟು ಮುಂದಕ್ಕೆ ತೂಗಿತು. ಹ್ಯಾಂಡಲು ಮತ್ತು ಸೈಕಲ್ಲಿನ ಮೈ ಸೇರುವ ಕಡೆ ಒಂದು ಬೋಲ್ಟು ಇರುತ್ತದೆ. ಕರಡಿಗೆ ಅದಕ್ಕೆ ಹೋಗಿ ಟಣ್ ಅಂತ ಬಡಿಯಿತು. ಬಡಿದದ್ದೇ ತಡ, ಮಾವನ ಬಲಗೈ ಬ್ರೇಕು ಬಿಟ್ಟು ಲಿಂಗ ಹಿಡಿಯಿತು. ಸೈಕಲ್ಲು ಎದುರಿಗಿದ್ದ ಹುಣಸೆ ರಾಶಿಗೆ ನುಗ್ಗಿತು. ಹಣ್ಣು ಮೆತ್ತಗಿತ್ತು, ಏನೂ ಆಗಲಿಲ್ಲ. ಹಮಾಲಿಗಳು ನಗು ತಡೆದುಕೊಂಡರು. ನಾನು ತಡೆದುಕೊಳ್ಳಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತು ನೋಡಿದ್ದರು. ಅವರು ನಗಲಿಲ್ಲ. ಲಿಂಗಕ್ಕೆ ಪೆಟ್ಟಾದರೆ ಪ್ರಾಣಕ್ಕೆ ಪೆಟ್ಟಾದಂತೆ ಅಂತ ನಂಬಿದ ಮನೆ ಅದು. ಆ ಕೈ ಮೊದಲು ಲಿಂಗಕ್ಕೇ ಹೋಗುವುದು, ಬ್ರೇಕಿಗಲ್ಲ, ಅಂತ ಅತ್ತೆಗೆ ಗೊತ್ತು. ಒಂದೇ ಮಾತು ಹೇಳಿದರು:

"ಆ ಹ್ಯಾಂಡ್ಲು ಮ್ಯಾಕೆತ್ತಿಸ್ರಿ. ನೆಟ್ಟಗೆ ಕೂತು ಹೋಗಂಗಿದ್ರೆ ಹೋಗಿ. ಇಲ್ದಿದ್ರೆ ಆ ಸೈಕಲ್ಲು ಹಿತ್ಲಾಗಿರ್ಲಿ, ಕೋಳಿ ಕೂತ್ಕಳ್ತವೆ."

ಅದಲ್ಲದೆ ಮಾವನಿಗೆ ಬೇರೆ ತೊಂದರೆಗಳೂ ಇದ್ದವು. ಎರಡು ದಿನ ತುಳಿದಮೇಲೆ ಕಿರುಬೆರಳು ಎರಡೂ ಜೋಮು ಹಿಡಿದವು. ಕತ್ತು ಎತ್ತಿ ಎತ್ತಿ ನೋಡಿ, ಮೂರನೆಯ ದಿನ ಗಾದಿಯ ಮೇಲೆ ಕೂತು ಗಿರಾಕಿಯನ್ನು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಾಯಿತು. ನಾನು ಅದನ್ನೂ ಕಲಿತುಕೊಂಡೆ.

ಸೈಕಲ್ ಷಾಪಿನ ಮೇಸ್ತ್ರಿ ವಯಸ್ಸಾದವರು, ತೆಲುಗಿನವರು, ಮಾತು ಪೂರಾ ಮೂಗಿನಲ್ಲಿ. ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಅವುಚಿಕೊಂಡು, ಆ ಬೋಲ್ಟನ್ನು ಪಾನಾದಿಂದ ಎರಡು ಸುತ್ತು ಸಡಿಲಿಸಿ, ಮರದ ಸುತ್ತಿಗೆಯಿಂದ ಅದರ ತಲೆಗೊಂದು ಪೆಟ್ಟು ಕೊಟ್ಟರು. ಒಳಗೆಲ್ಲೋ ಏನೋ ಕಳಚಿದ ಸದ್ದಾಯಿತು. ಹ್ಯಾಂಡಲು ಹಿಡಿದು ತಿರುಚುತ್ತ ಮೇಲಕ್ಕೆಳೆದರು. ಅದರ ಕಾಲಿನ ಹಾಗಿದ್ದ ಕೊಳವೆ ಸೈಕಲ್ಲಿನ ಕತ್ತಿನೊಳಗಿಂದ ಎಣ್ಣೆ ಸುರಿಸಿಕೊಂಡು ಎದ್ದು ಬಂತು. ಎರಡು ಬೆರಳಗಲ ಬಂದಮೇಲೆ ಕೊಳವೆಯ ಮೇಲೆ ಕೊರೆದಿದ್ದ ಒಂದು ಗೆರೆ ಕಂಡಿತು. ಮೇಸ್ತ್ರಿ ಅಲ್ಲಿಗೆ ನಿಲ್ಲಿಸಿ, ಗೆರೆ ಮರೆಯಾಗುವಷ್ಟು ಮತ್ತೆ ಕೆಳಕ್ಕೊತ್ತಿ ಬೋಲ್ಟು ಬಿಗಿದರು.

ಸಾಲದು, ಇನ್ನೂ ಎರಡು ಬೆರಳು ಎತ್ತು ಅಂದರು ಮಾವ. ಮೇಸ್ತ್ರಿ ಪಾನಾ ಕೆಳಗಿಟ್ಟರು. ಆ ಗೆರೆ ಒಳಗೆ ಮುಳುಗಿರಬೇಕು, ಅದರಿಂದಾಚೆ ಎತ್ತಿದರೆ ಹಿಡಿದುಕೊಳ್ಳುವುದಕ್ಕೆ ಒಳಗೆ ಏನೂ ಉಳಿಯುವುದಿಲ್ಲ ಅಂತ ತೆಲುಗಿನಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಗುರ್ತು ದಾಟಿತೇ ಮೆಡ ಪೋತುಂದಿ, ಅಬ್ಬಾಯಾ" ಅಂದರು. ಗುರುತು ದಾಟಿದರೆ ಕತ್ತು ಹೋಗುತ್ತದೆ ಅಂತ. ಸೈಕಲ್ಲಿನ ಕತ್ತೋ ಹತ್ತಿದವರ ಕತ್ತೋ ನಾನು ಕೇಳಲಿಲ್ಲ. ನನ್ನ ಕಿವಿಯೆಲ್ಲ ಆ ಮೂಗಿನ ಮೇಲಿತ್ತು.

ಮನೆ ಸೇರುವ ಮೊದಲೇ ಅದು ನನಗೆ ಬಂದಿತ್ತು. ಊಟಕ್ಕೆ ಕೂತಾಗ ಆಡಿ ತೋರಿಸಿದೆ. ಮಾವ ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣೀರು ಬರುವಷ್ಟು ನಕ್ಕರು. ಇನ್ನೊಂದು ಸಲ ಮಾಡಿಸಿದರು. ಮಾರನೆಯ ದಿನ ಮಂಡಿಯಲ್ಲಿ ಬಂದವರಿಗೆಲ್ಲ ಮಾಡಿಸಿದರು. ಹೀಗೆ ಆ ಮುದುಕರು ನಮ್ಮ ಒಳ್ಳೆಯದಕ್ಕೆ ಹೇಳಿದ ಒಂದು ಮಾತನ್ನು ನಾನು ಎರಡೇ ದಿನದಲ್ಲಿ ಊರಿನ ತಮಾಷೆ ಮಾಡಿಬಿಟ್ಟೆ.

ಆದರೆ ಕರಡಿಗೆ ಇನ್ನೂ ಬೋಲ್ಟಿಗೆ ತಾಕುತ್ತಲೇ ಇತ್ತು.

ಮಾವ ಕೇಳಿದ್ದು ಇಷ್ಟೇ: "ನಿಂಗೆ ಪಾನಾ ತಿರ್ಗಿಸಕ್ಕೆ ಬರಲ್ವೇನ್ಲಾ?" ಬರುವುದಿಲ್ಲ ಅಂತ ಹೇಳುವ ವಯಸ್ಸಲ್ಲ ಅದು. ಮಾರನೆಯ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಹೊರಡುವುದಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಮಂಡಿಯ ಹಿಂದಿನ ಜಗಲಿಯ ಮೇಲೆ ಮೇಸ್ತ್ರಿಯ ಹಾಗೇ ಚಕ್ರ ಅವುಚಿಕೊಂಡು ಕೂತೆ. ಅವರ ಹಾಗೇ ಮೂಗಿನಲ್ಲಿ ಗೊಣಗುತ್ತ ಬೋಲ್ಟು ಸಡಿಲಿಸಿದೆ. ಹ್ಯಾಂಡಲನ್ನು ಗೆರೆಯಿಂದಾಚೆಗೆ ಇನ್ನೂ ಎರಡು ಬೆರಳು ಎಳೆದೆ. ಎಳೆಯುವಾಗ ಒಳಗಿನ ಬಿಗಿ ಹೋದದ್ದು ಕೈಗೆ ತಿಳಿಯಿತು. ತುಂಬಿದ ಮೂಟೆಗೂ ಅರೆ ಮೂಟೆಗೂ ಇರುವ ವ್ಯತ್ಯಾಸದ ಹಾಗೆ. ಬೋಲ್ಟನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ತಿರುಗುತ್ತಲೇ ಹೋಯಿತು, ಕೊನೆಗೆ ಹೇಗೋ ನಿಂತಿತು.

ಬ್ರೇಕಿನ ಟೊಪ್ಪಿಗೆಗಳನ್ನೂ ಕೊಂಬಿನ ಮೇಲಕ್ಕೆ ಸರಿಸಿದೆ, ಮಾವನ ಕೈಗೆ ಹತ್ತಿರವಾಗಲಿ ಅಂತ. ಸರಿಸಿದಮೇಲೆ ಬ್ರೇಕಿನ ವಯರು ಗಿಡ್ಡವಾಯಿತು. ಚಕ್ರವೇ ತಿರುಗದು. ಕೆಳಗಡೆ ವಯರು ಕಚ್ಚಿದ್ದ ನಟ್ಟು ಸಡಿಲಿಸಿ ಅಷ್ಟಷ್ಟೇ ಬಿಡುತ್ತ ಹೋದೆ. ಚಕ್ರ ತಿರುಗುವ ಹೊತ್ತಿಗೆ ನಟ್ಟಿನಡಿ ವಯರಿನ ತುದಿ ಒಂದು ಭತ್ತದ ಕಾಳಿನಷ್ಟು ಉಳಿದಿತ್ತು.

ಎಲ್ಲ ಆದಮೇಲೆ ನೋಡಿದರೆ ಆ ಗೆರೆ ಎಲ್ಲರಿಗೂ ಕಾಣುವಂತೆ ಮೇಲೆ ನಿಂತಿದೆ. ಸೈಕಲ್ ಷಾಪಿನ ಮುಂದೆಯೇ ಬಸ್ಸಿಗೆ ಹೋಗಬೇಕು. ಮೇಸ್ತ್ರಿ ನೋಡಿದರೆ ಬೀದಿಯಲ್ಲೇ ಬೈಯುತ್ತಾರೆ, ಮಂಡಿಯವರ ಮುಂದೆ ನನ್ನ ಮಾನ ಹೋಗುತ್ತದೆ. ಅತ್ತೆಯ ಹಳೆಯ ಸೀರೆಯ ಅಂಚನ್ನು ಹರಿದು ಕೊಳವೆಗೆ ನೀಟಾಗಿ ಸುತ್ತಿದೆ. ಕರಡಿಗೆಗೆ ತಾಕಿದರೂ ಪೆಟ್ಟಾಗದಿರಲಿ ಅಂತ ಸುತ್ತಿದ್ದು ಎಂದು ಮಾವನಿಗೆ ಹೇಳಿದೆ. ಅತ್ತೆ ಅದನ್ನು ಮುಟ್ಟಿ ನೋಡಿ, ಹುಡುಗನಿಗೆ ಈಗ ಬುದ್ಧಿ ಬಂತು ಅಂದರು.

ಮಾವ ಹತ್ತಿ ಕೂತರು. ಬೆನ್ನು ನೆಟ್ಟಗೆ, ಕರಡಿಗೆ ಎದೆಯ ಮೇಲೆ, ಎರಡು ಕೈಯೂ ಟೊಪ್ಪಿಗೆಯ ಮೇಲೆ. ಅಂಗಳದಲ್ಲಿ ಮೆಲ್ಲಗೆ ಒಂದು ಸುತ್ತು ಬಂದು ಇಳಿದರು.

"ಈಗ ಗಾದಿ ಮ್ಯಾಲೆ ಕೂತಂಗಾಯ್ತು ಕಣ್ಲಾ."

ಹೆದರಿಕೆ ಶುರುವಾದದ್ದು ಆಗ. ಯಾರಾದರೂ ಬೈದಿದ್ದರೆ ಬಹುಶಃ ಆಗುತ್ತಿರಲಿಲ್ಲ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಬೇಕೆಂದುಕೊಂಡೆ. ಅತ್ತೆ ಬುತ್ತಿ ಹಿಡಿದುಕೊಂಡು ಬಂದಿದ್ದರು. ಅವರ ಮುಂದೆ ಹೇಗೆ ಹೇಳುವುದು? ಕಂಡಕ್ಟರು ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಸೆಳೆದುಕೊಂಡ. ಹಿಡಿದದ್ದು ಎಲ್ಲಿ? ಹ್ಯಾಂಡಲನ್ನೇ. ಇಡೀ ಸೈಕಲ್ಲು ಆ ಕೊಳವೆಯಿಂದ ನೇತಾಡಿಕೊಂಡು ಮೇಲೇರುವುದನ್ನು ನೋಡುತ್ತ ನಿಂತೆ. ಕಳಚಿ ಬಿದ್ದರೆ ಬೀಳಲಿ, ಇಲ್ಲೇ, ಈಗಲೇ, ಅಂತ ಬೇಡಿಕೊಂಡೆ. ಬೀಳಲಿಲ್ಲ.

ಅದು ಪೆಟ್ರೋಲು ಸಿಗದ ಕಾಲದ ಇದ್ದಿಲಿನ ಬಸ್ಸು, ಹಿಂದೆ ಒಲೆ ಕಟ್ಟಿಕೊಂಡಿತ್ತು. ಸೋಮಂದೇಪಲ್ಲಿಯವರೆಗೂ ಬಿಸಿ ಬೂದಿ ಮುಖಕ್ಕೆ ಹೊಡೆಯುತ್ತಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ತಲೆಯ ಮೇಲೆ ಸೈಕಲ್ಲು ಗಡಗಡ ಅಂದು ಹಾರಿ ಕೂರುತ್ತಿತ್ತು. ಒಂದೊಂದು ಗಡಗಡಕ್ಕೂ ನಾನು ಮನಸ್ಸಿನಲ್ಲೇ ಆ ಕೊಳವೆ ಒಂದೊಂದು ಎಳೆ ಮೇಲೆ ಬಂದದ್ದು ಕಾಣುತ್ತಿದ್ದೆ. ಮಾವ ಕಿಟಕಿಯ ಪಕ್ಕ ಕೂತು ನೆಮ್ಮದಿಯಾಗಿ ಎಲೆ ಅಡಿಕೆ ಹಾಕುತ್ತಿದ್ದರು.

ಪೆನುಕೊಂಡೆಯಲ್ಲಿ ಬಸ್ಸು ಬದಲಾಯಿಸಿದೆವು. ಮತ್ತೆ ಇಳಿಸುವುದು, ಮತ್ತೆ ಹತ್ತಿಸುವುದು, ಮತ್ತೆ ಹ್ಯಾಂಡಲು. ಇನ್ನು ತಡೆಯಲಾರದೆ, ಬಸ್ಸಿನೊಳಗೆ ಕೂತದ್ದೇ ಹೇಳಿದೆ. ಮಾವ, ಆ ಹ್ಯಾಂಡಲು ಗೆರೆ ದಾಟಿದೆ, ಹತ್ತಬೇಡಿ ಅಂತಲೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಮೇಸ್ತ್ರಿಯ ಮೂಗು. ಅದೇ ರಾಗ, ಅದೇ ಎಳೆತ, "ಗುರ್ತು ದಾಟಿಂದಿ ಮಾವಾ, ಮೆಡ ಪೋತುಂದಿ." ನಾನು ಬೇಕೆಂದು ಮಾಡಿದ್ದಲ್ಲ. ಹೆದರಿದಾಗ ನಾಲಿಗೆಗೆ ಯಾವುದು ಮೊದಲು ಸಿಕ್ಕಿತೋ ಅದು ಬಂತು. ಎರಡು ದಿನದಿಂದ ಅಲ್ಲಿ ಸಿಕ್ಕುತ್ತಿದ್ದದ್ದು ಅದೊಂದೇ. ಮಾವ ನಕ್ಕರು. ಪಕ್ಕದಲ್ಲಿದ್ದ ಪ್ರಯಾಣಿಕರೊಬ್ಬರಿಗೆ ನನ್ನನ್ನು ತೋರಿಸಿ, ನಮ್ಮಕ್ಕನ ಮಗ, ಯಾರ ಧ್ವನಿ ಬೇಕಾದರೂ ಮಾಡುತ್ತಾನೆ, ಸ್ಟೇಷನ್ ಮಾಸ್ತರದು ಮಾಡೋ ಅಂದರು. ಮಾಡಿದೆ. ಕೆಮ್ಮು ಚೆನ್ನಾಗಿಯೇ ಬಂತು. ಇದಕ್ಕಿಂತ ಅವಮಾನ ನನಗೆ ನಾನೇ ಮಾಡಿಕೊಂಡದ್ದು ಬೇರೊಂದಿಲ್ಲ.

ಕಲ್ಯಾಣದುರ್ಗದಲ್ಲಿ ಇಳಿದಾಗ ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ನನಗೊಂದು ಬಾಡಿಗೆ ಸೈಕಲ್ ತೆಗೆದುಕೊಂಡರು. ಗಟ್ಟಿ ಹ್ಯಾಂಡಲಿನ ಹಳೇ ಗಾಡಿ. ಇದರಲ್ಲಿ ನೀವು ಹೋಗಿ, ನಾನು ಅದನ್ನು ತರುತ್ತೇನೆ ಅಂದೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕ್ಲಾ, ಸೋಲ್ಜರ್ ಸೈಕಲ್ ಮ್ಯಾಲೆ ಕಣ್ಬಿತ್ತಾ? ವಾಪಸ್ ಬರ್ತಾ ಕೊಡ್ತೀನಿ, ಬಾ."

ಹೊರಟೆವು. ಊರು ದಾಟಿ ನಾಲ್ಕು ಮೈಲಿ, ಹಳ್ಳಿ ಬರುವ ಮುಂಚೆ ಒಂದು ದಿನ್ನೆ, ದಿನ್ನೆಯಾಚೆ ಉದ್ದನೆಯ ಇಳಿಜಾರು, ಇಳಿಜಾರಿನ ತಳದಲ್ಲಿ ನೀರಿಲ್ಲದ ಹಳ್ಳ. ಹಿಂದಿನ ಸಲ ಗಾಡಿಯಲ್ಲಿ ಬಂದಾಗ ಆ ಹಳ್ಳ ನೋಡಿದ್ದೆ. ಒಂದೊಂದು ಕಲ್ಲೂ ಕುರಿಯಷ್ಟು ದೊಡ್ಡದು. ದಾರಿ ಆ ಕಲ್ಲುಗಳ ನಡುವೆ ಸೊಟ್ಟ ತಿರುಗಿ ಹೋಗುತ್ತದೆ. ಅಲ್ಲಿ ಹ್ಯಾಂಡಲು ತಿರುಗಿಸಲೇಬೇಕು, ಬ್ರೇಕು ಹಿಡಿಯಲೇಬೇಕು.

ಸಮ ದಾರಿಯಲ್ಲಿ ಮಾವ ಮುಂದೆ, ನಾನು ಹಿಂದೆ. ರಸ್ತೆಯ ಎರಡೂ ಕಡೆ ಕಡಲೆಕಾಯಿ ಕಿತ್ತ ಹೊಲಗಳು. ನನಗೆ ಕಂಡದ್ದು ಮಾವನ ಬೆನ್ನು, ಅದರಾಚೆ ಹ್ಯಾಂಡಲು, ಅದರ ಕೆಳಗೆ ಮುಂದಿನ ಚಕ್ರ. ಮೊದಲ ಮೈಲಿಯಲ್ಲಿ ಮೂರೂ ಒಂದೇ ನೇರಕ್ಕಿದ್ದವು. ಎರಡನೆಯ ಮೈಲಿಯಲ್ಲಿ ಹ್ಯಾಂಡಲು ಒಂಚೂರು ಎಡಕ್ಕೆ ನೋಡುತ್ತಿದೆಯೋ ಅನ್ನಿಸಿತು. ನನ್ನ ಕಣ್ಣೇ ಸೊಟ್ಟ ಅಂದುಕೊಂಡೆ. ಮೂರನೆಯದರಲ್ಲಿ ಅನುಮಾನ ಉಳಿಯಲಿಲ್ಲ. ಚಕ್ರ ನೇರ ಹೋಗುತ್ತಿದೆ, ಹ್ಯಾಂಡಲು ಎಡಗಡೆಯ ಹೊಲ ನೋಡುತ್ತಿದೆ. ಮಾವನೂ ಅದಕ್ಕೆ ತಕ್ಕಂತೆ ಎದೆಯನ್ನು ಎಡಕ್ಕೆ ತಿರುಗಿಸಿಕೊಂಡು, ಕತ್ತನ್ನು ಮಾತ್ರ ಮುಂದಕ್ಕಿಟ್ಟು ಸುಖವಾಗಿ ತುಳಿಯುತ್ತಿದ್ದಾರೆ. ಹೊಸ ಸೈಕಲ್ಲಿನ ಗುಣವೇ ಹೀಗೆ ಅಂತ ತಿಳಿದರೋ ಏನೋ.

ಅದು ಬೇರೆ ಯಾವ ದಿನವಾದರೂ ಆಗಿದ್ದರೆ ಆ ಕೂತ ಭಂಗಿಯನ್ನು ನಾನು ಒಂದು ವರ್ಷ ಆಡಿ ತೋರಿಸುತ್ತಿದ್ದೆ. ಆ ದಿನ ಆಟದ ನೆನಪೂ ಬರಲಿಲ್ಲ. ಮಾವಾ ಅಂತ ಕರೆದೆ. ಏನೋ ಅಂದರು, ತಿರುಗದೆ. ನಿಲ್ಲಿ, ಹ್ಯಾಂಡಲು ಸಡಿಲವಾಗಿದೆ ಅಂದೆ. ಈ ಸಲ ಮೇಸ್ತ್ರಿಯ ಮೂಗು ಬರದಿರಲಿ ಅಂತ ಗಂಟಲು ಬಿಗಿಹಿಡಿದು ಹೇಳಿದ್ದೆ. ಬಿಗಿಹಿಡಿದ ಗಂಟಲಿನಿಂದ ಅತ್ತೆಯ ಧ್ವನಿ ಬಂತು. ಮಾವನ ಬೆನ್ನು ನಗುವಿನಿಂದ ಕುಲುಕಿತು. ಆ ಕುಲುಕಿಗೆ ಹ್ಯಾಂಡಲು ಇನ್ನಷ್ಟು ತಿರುಗಿತು.

ಜೋರಾಗಿ ತುಳಿದು ಮುಂದೆ ಹೋಗಿ ಅಡ್ಡ ನಿಲ್ಲೋಣವೆಂದರೆ ನನ್ನ ಬಾಡಿಗೆ ಗಾಡಿಯ ಚೈನು ಎರಡು ಸಲ ಕಳಚಿತು. ಎರಡನೆಯ ಸಲ ಹಾಕಿ ತಲೆಯೆತ್ತಿದಾಗ ಮಾವ ದಿನ್ನೆ ಹತ್ತಿ ಮುಗಿಸಿದ್ದರು. ಆಕಾಶದ ಎದುರು ಅವರ ಮೈ ಕಪ್ಪಗೆ ಕಾಣುತ್ತಿತ್ತು. ಅಲ್ಲಿಂದ ಹತ್ತು ಮಾರು ಮುಂದೆ ಇಳಿಜಾರು. ಅವರು ತುಳಿಯುವುದನ್ನು ನಿಲ್ಲಿಸಿ ಕಾಲು ಸಡಿಲ ಬಿಟ್ಟರು, ಇನ್ನು ಸೈಕಲ್ಲು ತಾನೇ ಹೋಗಲಿ ಅನ್ನುವ ಹಾಗೆ.

ನಾನು ಕೂಗಿದೆ.

ಏನು ಕೂಗಿದೆನೋ ಗೊತ್ತಿಲ್ಲ. ಮಾತಾಗಿರಲಿಲ್ಲ. ಯಾರ ಹಾಗೂ ಇರಲಿಲ್ಲ. ನನ್ನ ಹೊಟ್ಟೆಯಿಂದಲೇ ಎದ್ದು ಬಂದ ಆ ಸದ್ದನ್ನು ನಾನೂ ಅದಕ್ಕೆ ಮುಂಚೆ ಕೇಳಿರಲಿಲ್ಲ. ಒಡಕು, ಹೊಲಸು, ಹೆಣ್ಣೂ ಅಲ್ಲದ ಗಂಡೂ ಅಲ್ಲದ ಸದ್ದು. ದೂರದ ಹೊಲದಲ್ಲಿ ಕುರಿಗಳು ತಲೆ ಎತ್ತಿದವು.

ಮಾವ ಬೆಚ್ಚಿದರು. ಬೆಚ್ಚಿದವರ ಬಲಗೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು, ಲಿಂಗಕ್ಕೆ. ಎಡಗೈ ಒಂದೇ ಬ್ರೇಕನ್ನು ಜೋರಾಗಿ ಹಿಡಿಯಿತು. ವಯರು ಪಟ್ಟನೆ ಕಿತ್ತು ಬಂದದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು. ಹ್ಯಾಂಡಲು ಪೂರಾ ಎಡಕ್ಕೆ ತಿರುಗಿ ಅವರ ಹೊಟ್ಟೆಗೆ ಬಂತು. ಚಕ್ರ ಮಾತ್ರ ಅದರ ಗೊಡವೆಯೇ ಇಲ್ಲದೆ ರಸ್ತೆಯಂಚಿನಲ್ಲಿ ರಿಪೇರಿಗೆಂದು ಒಟ್ಟಿದ್ದ ಜಲ್ಲಿಯ ರಾಶಿಗೆ ನೇರ ನುಗ್ಗಿ ಹೂತುಕೊಂಡಿತು. ಮಾವ ಸೈಕಲ್ಲಿನ ಮೇಲಿಂದ ಎದ್ದು, ಎರಡು ಹೆಜ್ಜೆ ನಡೆದವರ ಹಾಗೆ ಮುಂದಕ್ಕೆ ಹೋಗಿ, ಜಲ್ಲಿಯ ಮೇಲೆ ಕೂತುಬಿಟ್ಟರು.

ನಾನು ಓಡಿದೆ. ಮೊಣಕಾಲು ತರಚಿತ್ತು, ಪಂಚೆ ಹರಿದಿತ್ತು, ಬೇರೇನೂ ಆಗಿರಲಿಲ್ಲ. ಬಲಗೈ ಇನ್ನೂ ಕರಡಿಗೆಯ ಮೇಲಿತ್ತು. ನನ್ನನ್ನು ನೋಡದೆ, ನನ್ನ ಹಿಂದೆ ಖಾಲಿ ರಸ್ತೆಯನ್ನು ನೋಡುತ್ತ ಕೇಳಿದರು:

"ಯಾರ್ಲಾ ಅದು ಕೂಗಿದ್ದು?"

"ನಾನೇ ಮಾವ."

"ನೀನಲ್ಲ. ಯಾರೋ ಸಾಯ್ತಾ ಇದ್ರು."

ನಾನೇ ಅಂತ ಮತ್ತೆ ಹೇಳಿದೆ. ಆಗ ನನ್ನ ಮುಖ ನೋಡಿದರು. ನೋಡಿ ನಂಬಿದರು ಅಂತ ಕಾಣುತ್ತದೆ, ಯಾಕೆಂದರೆ ಸಿಟ್ಟು ಬಂತು. ಸಮ ದಾರಿಯಲ್ಲಿ ಹಾಯಾಗಿ ಹೋಗುತ್ತಿದ್ದವನನ್ನು ಕೂಗಿ ಕೆಡವಿದೆಯಲ್ಲ, ಮನೆಹಾಳ, ನೀನು ಕೂಗದೆ ಇದ್ದಿದ್ದರೆ ನಾನು ಬೀಳುತ್ತಿದ್ದೆನೇ ಅಂತ ಬೈಯತೊಡಗಿದರು. ನಾನು ಜಲ್ಲಿಯಲ್ಲಿ ಹೂತಿದ್ದ ಸೈಕಲ್ಲಿನ ಹತ್ತಿರ ಹೋಗಿ ಹ್ಯಾಂಡಲಿಗೆ ಕೈ ಹಾಕಿ ಎತ್ತಿದೆ. ಬಾವಿಯಿಂದ ಖಾಲಿ ಬಿಂದಿಗೆ ಬಂದ ಹಾಗೆ ಹಗುರವಾಗಿ ಬಂತು. ಇನ್ನೊಂದು ಬ್ರೇಕಿನ ವಯರೂ ಕಳಚಿಕೊಂಡಿತು, ಸೈಕಲ್ಲು ಅಲ್ಲೇ ಉಳಿಯಿತು. ಬ್ರೇಕು, ಟೊಪ್ಪಿಗೆ, ನೇತಾಡುವ ವಯರುಗಳ ಸಮೇತ ಹ್ಯಾಂಡಲು ನನ್ನ ಕೈಯಲ್ಲಿತ್ತು.

ಮಾವನ ಬೈಗುಳ ಅರ್ಧಕ್ಕೆ ನಿಂತಿತು.

ಅವರು ಎದ್ದು, ಕುಂಟುತ್ತ ಹತ್ತು ಹೆಜ್ಜೆ ಮುಂದೆ ಹೋಗಿ ದಿನ್ನೆಯ ಅಂಚಿನಲ್ಲಿ ನಿಂತರು. ಅಲ್ಲಿಂದ ಇಳಿಜಾರು, ಅದರ ತಳದಲ್ಲಿ ಹಳ್ಳದ ಕಲ್ಲುಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ತುಂಬ ಹೊತ್ತು ನೋಡಿದರು. ಮರಳಿ ಬಂದು ಜಲ್ಲಿಯ ಮೇಲೆ ಕೂತು ಕರಡಿಗೆ ಬಿಚ್ಚಲು ಹೋದರು. ಮುಚ್ಚಳ ಕೈಗೆ ಸಿಗಲಿಲ್ಲ. ಮೂರು ಸಲ ಪ್ರಯತ್ನ ಪಟ್ಟಮೇಲೆ ಬಿಚ್ಚಿತು. ಅರಿವೆ ಸರಿಸಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳಿನಿಂದ ಸುತ್ತಲೂ ಸವರಿದರು. ಎಲ್ಲೂ ಮುಕ್ಕಾಗಿರಲಿಲ್ಲ. ಕಣ್ಣಿಗೊತ್ತಿಕೊಂಡು ಮತ್ತೆ ಒಳಗಿಟ್ಟು, ಕರಡಿಗೆಯನ್ನು ಮೊದಲನೆಯ ಸಲ ಅಂಗಿಯೊಳಗೆ ಬಿಟ್ಟುಕೊಂಡು ಗುಂಡಿ ಹಾಕಿದರು. ನಾನು ಬೇರೆ ಕಡೆ ನೋಡಿದೆ.

ಆ ದಿನ ಮರ ನೋಡಲು ಹೋಗಲಿಲ್ಲ. ಕಡಲೆಕಾಯಿ ಹೊಟ್ಟು ತುಂಬಿಕೊಂಡು ಊರ ಕಡೆ ಹೋಗುತ್ತಿದ್ದ ಒಂದು ಗಾಡಿ ಸಿಕ್ಕಿತು. ಸೈಕಲ್ಲುಗಳನ್ನು ಹೊಟ್ಟಿನ ಮೇಲೆ ಹಾಕಿ ನಾವೂ ಹತ್ತಿದೆವು. ಹ್ಯಾಂಡಲು ನನ್ನ ತೊಡೆಯ ಮೇಲಿತ್ತು.

"ಬಸ್ಸಾಗೆ ಹೇಳ್ದೆಯಲ್ಲಾ, ಅದು ನಿಜವಾ?" ಮಾವ ಕೇಳಿದರು.

ಹೂಂ ಅಂದೆ.

"ನಂಗೆ ಗೊತ್ತಾಗ್ಲಿಲ್ಲ ಕಣಪ್ಪ. ನಿಂದು ಯಾವ್ದು ಆಟ, ಯಾವ್ದು ಮಾತು ಅಂತ ನಂಗೆ ಗೊತ್ತಾಗಕಿಲ್ಲ. ಇನ್ಮ್ಯಾಕೆ ನಿಜ ಹೇಳಾವಾಗ ನನ್ ಕೈ ಹಿಡ್ಕಂಡು ಹೇಳು."

ಪಾಪ, ಅವರು ಅಂದುಕೊಂಡದ್ದು ನಾನು ತಿಳಿಯದೆ ಎತ್ತಿದೆ ಅಂತ. ಆಮೇಲೆ ಬಸ್ಸಿನಲ್ಲಿ ಸಂಶಯ ಬಂದು ಹೇಳಿದೆ ಅಂತ. ಅಲ್ಲಿಗೆ ಬಿಟ್ಟಿದ್ದರೆ ನಡೆಯುತ್ತಿತ್ತು. ದಿನ್ನೆಯ ಮೇಲೆ ಕೂಗುವಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆ ನನಗೆ ಆ ಹೊಟ್ಟಿನ ಗಾಡಿಯಲ್ಲಿ ಆಯಿತು. ಅಲ್ಲಿ ಕೂಗುವುದಕ್ಕೂ ಏನೂ ಇರಲಿಲ್ಲ.

ಅವರ ಕೈ ಹಿಡಿದುಕೊಂಡೆ. ದಪ್ಪ ಕೈ, ಇನ್ನೂ ತಣ್ಣಗಿತ್ತು. ಹ್ಯಾಂಡಲಿನ ಕೊಳವೆಗೆ ಸುತ್ತಿದ್ದ ಸೀರೆಯಂಚನ್ನು ಇನ್ನೊಂದು ಕೈಯಿಂದ ಬಿಚ್ಚಿ ಗೆರೆ ತೋರಿಸಿದೆ. ಎಳೆಯುವಾಗಲೇ ಬಿಗಿ ಹೋದದ್ದು ನನಗೆ ತಿಳಿದಿತ್ತು, ಮೇಸ್ತ್ರಿಗೆ ಕಾಣದಿರಲಿ ಅಂತ ಬಟ್ಟೆ ಸುತ್ತಿದೆ, ಕರಡಿಗೆಗೆ ಅಂತ ಹೇಳಿದ್ದು ಸುಳ್ಳು ಅಂದೆ. ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದೆ. ಹೇಳುವಾಗ ಧ್ವನಿ ಸಣ್ಣಗೆ, ಒಣಗಿಕೊಂಡು ಬಂತು.

ಮಾವ ಕೈ ಬಿಡಿಸಿಕೊಳ್ಳುತ್ತಾರೆ, ಅದೇ ಕೈಯಿಂದ ಬಾರಿಸುತ್ತಾರೆ ಅಂತ ಕಾದೆ. ಬಿಡಿಸಿಕೊಳ್ಳಲಿಲ್ಲ. ಹಿಡಿತ ಬಿಗಿಯಾಯಿತು, ನನ್ನ ಬೆರಳಿನ ಗಿಣ್ಣುಗಳು ಒಂದಕ್ಕೊಂದು ಒತ್ತಿ ನೋಯುವಷ್ಟು.

"ಕೊಳ್ವೆ ಒಳಗೆ ಎಷ್ಟುಳ್ದಿತ್ತು?"

ಇಷ್ಟೇ ಅಂತ ಹೆಬ್ಬೆರಳಿನ ಉಗುರು ತೋರಿಸಿದೆ.

ಅವರು ಆ ಉಗುರನ್ನೇ ನೋಡುತ್ತ ಕೂತರು. ಆಮೇಲೆ ಮುಂದಕ್ಕೆ ಬಗ್ಗಿ ಗಾಡಿಯವನಿಗೆ, ಮೆಲ್ಲಗೆ ಹೊಡಿಯಪ್ಪ ಅಂದರು. ಗಾಡಿಯವನು ತಿರುಗಿ ನೋಡಿದ. ಅವನ ಎತ್ತುಗಳು ಆಗಲೇ ನಿಂತ ಹಾಗೆ ನಡೆಯುತ್ತಿದ್ದವು.